ಆಯಿಲ್ ಮೀಟರಿನ ಮುಳ್ಳು ಬಿದ್ದರೆ: ಕೆಟ್ಟಿರುವುದು ಮೀಟರೋ, ಇಂಜಿನ್ನೋ?

ಮಳೆ ಹಿಂದೆ ಸರಿದು ಕೆಂಪುಕಲ್ಲಿನ ಕೋರೆಗಳಲ್ಲಿ ಕೆಲಸ ಹಿಡಿಯುವ ಹೊತ್ತಿಗೆ ಕಾಸರಗೋಡಿನ ಒಳನಾಡಿನ ಹಳೆಯ ಲಾರಿಗಳೂ ರಸ್ತೆಗಿಳಿಯುತ್ತವೆ. ತಿಂಗಳುಗಟ್ಟಲೆ ಶೀಟಿನಡಿ ನಿಂತಿದ್ದ ಗಾಡಿಗೆ ಬ್ಯಾಟರಿ ಚಾರ್ಜ್ ಮಾಡಿಸಿ, ಟಯರಿಗೆ ಗಾಳಿ ತುಂಬಿಸಿ, ಕೀಲಿ ತಿರುಗಿಸಿದರೆ ಇಂಜಿನ್ ಎದ್ದುಬಿಡುತ್ತದೆ. ಡ್ಯಾಶ್‌ಬೋರ್ಡಿನ ಆಯಿಲ್ ಮೀಟರಿನ ಮುಳ್ಳು ಮಾತ್ರ ಸೊನ್ನೆಯಿಂದ ಏಳುವುದಿಲ್ಲ. ಇಲ್ಲವೇ ಕೀಲಿ ಹಾಕಿದ ಕ್ಷಣದಲ್ಲೇ ತುದಿಗೆ ಹೋಗಿ ಅಂಟಿಕೊಳ್ಳುತ್ತದೆ. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಫಿಟ್‌ನೆಸ್ ನವೀಕರಿಸಬೇಕಾದ್ದರಿಂದ, ಹೇಗಿದ್ದರೂ ಗಾಡಿಯನ್ನು ಗ್ಯಾರೇಜಿಗೆ ಒಯ್ಯುವ ಕಾಲವೂ ಅದೇ.

ಗ್ಯಾರೇಜಿನಲ್ಲಿ ಎರಡು ಮಾತು ಕೇಳಿಬರುತ್ತವೆ. "ಮೀಟರ್ ಹೋಗಿದೆ, ಬೇರೆ ಹಾಕಿದರಾಯಿತು" ಎಂದು ಒಬ್ಬರು; "ಬೇರಿಂಗ್ ಹೋಗಿರಬೇಕು, ಇಂಜಿನ್ ಬಿಚ್ಚಬೇಕು" ಎಂದು ಇನ್ನೊಬ್ಬರು. ಮೊದಲನೆಯದು ಒಂದು ಮಧ್ಯಾಹ್ನದ ಕೆಲಸ, ಎರಡನೆಯದು ಒಂದು ಸೀಸನ್ನಿನ ಸಂಪಾದನೆಯನ್ನೇ ನುಂಗುವಂಥದ್ದು. ಸೆಕೆಂಡ್ ಹ್ಯಾಂಡ್ ಲಾರಿ ಕೊಂಡು ಹೊಸದಾಗಿ ಮಾಲಕರಾದವರಿಗೆ ಯಾರ ಮಾತು ಸರಿ ಎಂದು ತಿಳಿಯುವುದು ಕಷ್ಟ. ಆದರೆ ಇದು ಊಹಿಸಿ ಹೇಳುವ ವಿಷಯವೇ ಅಲ್ಲ, ಅಳೆದು ಹೇಳಬಹುದಾದದ್ದು.

ಮುಳ್ಳು ತೋರಿಸುವುದು ಏನನ್ನು?

ಆಯಿಲ್ ಮೀಟರ್ ಎಂದ ಕೂಡಲೇ ಅದು ಆಯಿಲ್ ಎಷ್ಟಿದೆ ಎಂದು ತೋರಿಸುತ್ತದೆ ಎಂದುಕೊಳ್ಳುವವರು ಬಹಳ. ಡೀಸೆಲ್ ಮೀಟರ್ ಪಕ್ಕದಲ್ಲೇ ಇರುವುದರಿಂದ ಹಾಗನ್ನಿಸುವುದು ಸಹಜ. ಆದರೆ ಆಯಿಲಿನ ಪ್ರಮಾಣ ನೋಡಲು ಇಂಜಿನ್ನಿಗೆ ಸಿಕ್ಕಿಸಿರುವ ಕಡ್ಡಿ ಇದೆ, ಅದೇ ಡಿಪ್‌ಸ್ಟಿಕ್. ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವುದು ಆಯಿಲಿನ ಒತ್ತಡವನ್ನು ಮಾತ್ರ.

ಒತ್ತಡ ಏಕೆ ಬೇಕು? ಇಂಜಿನ್ನಿನ ತಳದಲ್ಲಿ ಕ್ರ್ಯಾಂಕ್ ಎಂಬ ಭಾರದ ಉಕ್ಕಿನ ದಂಡ ಬೇರಿಂಗುಗಳ ನಡುವೆ ತಿರುಗುತ್ತದೆ. ಉಕ್ಕಿಗೂ ಬೇರಿಂಗಿಗೂ ನಡುವಿನ ಜಾಗ ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಹೇಳುವಷ್ಟು ಸಣ್ಣದು. ಆ ಸಂದಿಯಲ್ಲಿ ಆಯಿಲಿನ ತೆಳುವಾದ ಪದರ ನಿಂತಿರುವವರೆಗೆ ಎರಡು ಲೋಹಗಳೂ ಒಂದನ್ನೊಂದು ಮುಟ್ಟುವುದಿಲ್ಲ. ಪದರ ಹರಿದರೆ ಲೋಹಕ್ಕೆ ಲೋಹ ಉಜ್ಜಿ, ಕಾದು, ನಿಮಿಷಗಳೊಳಗೆ ಇಂಜಿನ್ ಸೀಜ್ ಆಗಬಹುದು. ಕೆಳಗಿನ ಚೇಂಬರಿನಿಂದ ಆಯಿಲನ್ನು ಎಳೆದು, ಫಿಲ್ಟರ್ ದಾಟಿಸಿ, ಬ್ಲಾಕಿನೊಳಗೆ, ಅಂದರೆ ಇಂಜಿನ್ನಿನ ಲೋಹದ ಮೈಯೊಳಗೆ, ಕೊರೆದ ದಾರಿಗಳ ಮೂಲಕ ಪ್ರತಿ ಸಂದಿಗೂ ನೂಕುವುದು ಆಯಿಲ್ ಪಂಪಿನ ಕೆಲಸ.

ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸಿದವರಿಗೆ ಉಳಿದದ್ದನ್ನು ವಿವರಿಸಬೇಕಾಗಿಲ್ಲ. ಪಂಪು ನೀರನ್ನು ನೂಕುತ್ತದೆ ನಿಜ, ಆದರೆ ಪೈಪಿನಲ್ಲಿ ಒತ್ತಡ ನಿಲ್ಲುವುದು ತುದಿಯ ನಾಜಲ್‌ಗಳ ತೂತು ಕಿರಿದಾಗಿರುವುದರಿಂದ. ನಾಜಲ್ ಸವೆದು ತೂತು ದೊಡ್ಡದಾದರೆ, ಎಲ್ಲೋ ಜಾಯಿಂಟ್ ಬಿಟ್ಟರೆ, ಕೆರೆಯಲ್ಲಿ ನೀರು ತಳ ಹಿಡಿದು ಫುಟ್‌ವಾಲ್ವ್ ಗಾಳಿ ಎಳೆದರೆ, ಪಂಪು ಎಂದಿನಂತೆ ಓಡುತ್ತಿದ್ದರೂ ತೋಟದ ಮೇಲಿನ ತುದಿಯಲ್ಲಿ ನೀರು ಚಿಮ್ಮುವುದಿಲ್ಲ. ಇಂಜಿನ್ನಿನಲ್ಲಿ ಆ ನಾಜಲ್‌ಗಳೇ ಬೇರಿಂಗಿನ ಸಂದಿಗಳು. ಅವು ಸವೆದು ಅಗಲವಾದಷ್ಟೂ ಒತ್ತಡ ಇಳಿಯುತ್ತದೆ. ಹಾಗಾಗಿ ಆಯಿಲ್ ಒತ್ತಡ ಎನ್ನುವುದು ಪಂಪಿನ ಆರೋಗ್ಯದ ಜೊತೆಗೆ ಬೇರಿಂಗುಗಳ ವಯಸ್ಸನ್ನೂ ಹೇಳುತ್ತದೆ.

ಒತ್ತಡ ಮಿತಿಮೀರಿದರೆ ಫಿಲ್ಟರ್, ಸೀಲುಗಳು ಒಡೆಯಬಹುದು. ಅದಕ್ಕಾಗಿ ಸ್ಪ್ರಿಂಗ್ ಹಾಕಿದ ರಿಲೀಫ್ ವಾಲ್ವ್ ಇರುತ್ತದೆ. ಹೆಚ್ಚಿನ ಆಯಿಲನ್ನು ಅದು ಮತ್ತೆ ಚೇಂಬರಿಗೇ ಬಿಡುತ್ತದೆ.

ಎಷ್ಟಿದ್ದರೆ ಸರಿ?

ಮೀಟರಿನ ಮೇಲೆ ಅಂಕಿಗಳು ಮೂರು ಬಗೆಯ ಅಳತೆಯಲ್ಲಿರಬಹುದು: ಬಾರ್, ಪಿಎಸ್ಐ, ಅಥವಾ ಚದರ ಸೆಂಟಿಮೀಟರಿಗೆ ಕಿಲೋ. 1 ಬಾರ್ ಎಂದರೆ ಸುಮಾರು 14.5 ಪಿಎಸ್ಐ, ಕಿಲೋ ಲೆಕ್ಕದಲ್ಲಿ 1.02, ಅಂದರೆ ಬಾರ್ ಮತ್ತು ಕಿಲೋ ಹೆಚ್ಚುಕಡಿಮೆ ಒಂದೇ.

ಹಳೆಯ ಡೀಸೆಲ್ ಇಂಜಿನ್ನುಗಳಲ್ಲಿ, ಚೆನ್ನಾಗಿ ಬಿಸಿಯಾದ ಮೇಲೆ, ಓಟದಲ್ಲಿ 3ರಿಂದ 5 ಬಾರ್ ಮತ್ತು ಐಡಲಿನಲ್ಲಿ (ರೇಸ್ ಕೊಡದೆ ಇಂಜಿನ್ ನಿಂತಲ್ಲೇ ಓಡುವಾಗ) 1 ಬಾರ್ ಆಸುಪಾಸು ಕಾಣುವುದು ಸಾಮಾನ್ಯ. ನಿಮ್ಮ ಇಂಜಿನ್ನಿನ ನಿಖರವಾದ ಅಂಕಿ ಅದರ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಅದು ಸಿಕ್ಕಿದರೆ ಅದನ್ನೇ ನಂಬಬೇಕು. "ಸಾವಿರ ಆರ್‌ಪಿಎಂಗೆ 10 ಪಿಎಸ್ಐ" ಎಂಬ ಹಳೆಯ ಅಂದಾಜು ಗ್ಯಾರೇಜುಗಳಲ್ಲಿ ಚಾಲ್ತಿಯಲ್ಲಿದೆ (ಆರ್‌ಪಿಎಂ ಎಂದರೆ ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು). ಪುಸ್ತಕ ಇಲ್ಲದಾಗ ಅಷ್ಟರಮಟ್ಟಿಗೆ ಅದು ನಡೆಯುತ್ತದೆ.

"ಬಿಸಿಯಾದ ಮೇಲೆ" ಎಂಬ ಮಾತನ್ನು ಮರೆಯಬಾರದು. ಲಾರಿಗಳಲ್ಲಿ ಸಾಮಾನ್ಯವಾಗಿ ಬಳಸುವ 15ಡಬ್ಲ್ಯೂ-40 ಗ್ರೇಡಿನ ಆಯಿಲಿನ ಸ್ನಿಗ್ಧತೆ, ಅಂದರೆ ಸುಲಭವಾಗಿ ಹರಿಯದಿರುವ ಗುಣ, 40 ಡಿಗ್ರಿಯಲ್ಲಿ ಇದ್ದುದಕ್ಕಿಂತ 100 ಡಿಗ್ರಿಯಲ್ಲಿ ಸುಮಾರು ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ. ತಣ್ಣಗಿನ ಇಂಜಿನ್ನಿನಲ್ಲಿ ದಪ್ಪ ಆಯಿಲು ಸವೆದ ಸಂದಿಯಿಂದಲೂ ಸುಲಭವಾಗಿ ಜಾರಿಹೋಗುವುದಿಲ್ಲ, ಮುಳ್ಳು ಮೇಲೇ ಇರುತ್ತದೆ. ಆದ್ದರಿಂದ ಬೆಳಗ್ಗೆ ಸ್ಟಾರ್ಟ್ ಮಾಡಿದಾಗಿನ ಅಂಕಿಯಿಂದ ಇಂಜಿನ್ನಿನ ಸ್ಥಿತಿ ಗೊತ್ತಾಗುವುದಿಲ್ಲ. ಕಲ್ಲು ಹೇರಿಕೊಂಡು ಮುಳ್ಳೇರಿಯ, ಜಾಲ್ಸೂರು ದಾಟಿ ಸಂಪಾಜೆ ಘಾಟಿ ಹತ್ತಿ ನಿಂತ ಲಾರಿ ಐಡಲಿನಲ್ಲಿ ಏನು ತೋರಿಸುತ್ತದೆಯೋ ಅದು ನಿಜವಾದ ಅಂಕಿ.

ಎರಡು ಬಗೆಯ ಮೀಟರ್

ಹಳೆಯ ಲಾರಿಗಳಲ್ಲಿ ಕೆಲವಕ್ಕೆ ಮೆಕ್ಯಾನಿಕಲ್ ಮೀಟರ್ ಇರುತ್ತದೆ. ಇಂಜಿನ್ನಿನಿಂದ ಒಂದು ಸಣ್ಣ ತಾಮ್ರದ ಅಥವಾ ನೈಲಾನ್ ಪೈಪು ನೇರವಾಗಿ ಡ್ಯಾಶ್‌ಬೋರ್ಡಿನವರೆಗೆ ಆಯಿಲನ್ನೇ ತರುತ್ತದೆ. ಮೀಟರಿನೊಳಗೆ ಚಪ್ಪಟೆ ಮಾಡಿ ಬಾಗಿಸಿದ ಲೋಹದ ಕೊಳವೆ ಇದೆ. ಒಳಗೆ ಒತ್ತಡ ಏರಿದಂತೆ ಅದು ನೇರವಾಗಲು ನೋಡುತ್ತದೆ, ಆ ಅಲುಗಾಟವನ್ನು ಸಣ್ಣ ಹಲ್ಲುಚಕ್ರಗಳು ಮುಳ್ಳಿಗೆ ದಾಟಿಸುತ್ತವೆ. ಫ್ರಾನ್ಸಿನ ಯೂಜೀನ್ ಬೂರ್ಡೊನ್ ಇದಕ್ಕೆ 1849ರಲ್ಲಿ ಪೇಟೆಂಟ್ ಪಡೆದ. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಮೇಲಿರುವ ಮೀಟರ್ ಕೂಡ ಇದೇ. ಬ್ಯಾಟರಿ, ವೈರು ಯಾವುದೂ ಬೇಡ. ಆದರೆ ಪೈಪು ಒಡೆದರೆ ಬಿಸಿ ಆಯಿಲು ಕ್ಯಾಬಿನ್ನಿನೊಳಗೇ ಚಿಮ್ಮುತ್ತದೆ.

ಎರಡನೆಯದು ಎಲೆಕ್ಟ್ರಿಕಲ್ ಮೀಟರ್. ಇದರಲ್ಲಿ ಕೆಲಸ ಇಬ್ಭಾಗವಾಗಿದೆ. ಇಂಜಿನ್ನಿನ ಬ್ಲಾಕಿಗೆ ತಿರುಪಿರುವ ಡಬ್ಬಿಯಾಕಾರದ ಭಾಗಕ್ಕೆ ಸೆಂಡರ್ ಎನ್ನುತ್ತಾರೆ. ಅಂಗಡಿಯಲ್ಲಿ "ಆಯಿಲ್ ಸೆನ್ಸರ್" ಎಂದರೂ ಕೊಡುತ್ತಾರೆ. ಒತ್ತಡಕ್ಕೆ ತಕ್ಕಂತೆ ಅದರೊಳಗಿನ ವಿದ್ಯುತ್ ರೋಧ ಬದಲಾಗುತ್ತದೆ. ರೋಧವನ್ನು ಅಳೆಯುವುದು ಓಮ್ ಎಂಬ ಮಾನದಲ್ಲಿ. ಒಂದೇ ವೈರು ಅಲ್ಲಿಂದ ಡ್ಯಾಶ್‌ಬೋರ್ಡಿಗೆ ಹೋಗುತ್ತದೆ, ಇನ್ನೊಂದು ದಾರಿ ಸೆಂಡರಿನ ಮೈಯಿಂದ ಬ್ಲಾಕಿಗೆ, ಅಂದರೆ ಅರ್ತಿಗೆ. ಮೀಟರ್ ಓದುವುದು ಒತ್ತಡವನ್ನಲ್ಲ, ಈ ಓಮನ್ನು. ಎಲ್ಲಾ ಗೊಂದಲ ಹುಟ್ಟುವುದೂ ಇಲ್ಲಿಯೇ.

ಇವೆರಡರ ಜೊತೆಗೆ ಕೆಂಪು ದೀಪವೊಂದಿರುತ್ತದೆ. ಅದಕ್ಕೆ ಬೇರೆಯೇ ಸ್ವಿಚ್ ಇರಬಹುದು ಅಥವಾ ಸೆಂಡರಿನಲ್ಲೇ ಎರಡನೇ ಟರ್ಮಿನಲ್ ಇರಬಹುದು. ಒತ್ತಡ ಸಾಮಾನ್ಯವಾಗಿ ಅರ್ಧ ಬಾರ್ ಆಸುಪಾಸಿಗೆ ಇಳಿದಾಗ ಮಾತ್ರ ಅದು ಹೊತ್ತಿಕೊಳ್ಳುತ್ತದೆ. ಆದ್ದರಿಂದ ದೀಪ ಆರಿದೆ ಎಂದರೆ ಎಲ್ಲವೂ ಚೆನ್ನಾಗಿದೆ ಎಂದಲ್ಲ. ಕೀಲಿ ಹಾಕಿ ಇಂಜಿನ್ ಸ್ಟಾರ್ಟ್ ಮಾಡುವ ಮೊದಲು ಅದು ಉರಿಯಲೇಬೇಕು. ಉರಿಯದಿದ್ದರೆ ಬಲ್ಬೋ ಸ್ವಿಚ್ಚೋ ವೈರೋ ಸತ್ತಿದೆ. ಹಳೆಯ ಗಾಡಿ ಕೊಳ್ಳುವವರು ಮಾಡಬೇಕಾದ ಮೊದಲ ಪರೀಕ್ಷೆ ಇದು, ಖರ್ಚಿಲ್ಲದ್ದು ಕೂಡ.

ಮುಳ್ಳು ಬಿದ್ದ ಬಗೆಯಲ್ಲೇ ಅರ್ಧ ಉತ್ತರ

ಓಡುತ್ತಿರುವಾಗ ಮುಳ್ಳು ಸೊನ್ನೆಗೆ ಬಿದ್ದರೆ ಗಾಡಿಯನ್ನು ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಬೇಕು. "ಮೀಟರೇ ಸರಿಯಿಲ್ಲ" ಎಂದುಕೊಂಡು ಪೆರ್ಲದಿಂದ ಬದಿಯಡ್ಕದವರೆಗೆ ಓಡಿಸುವುದು ಬೇಡ. ಮೀಟರ್ ಸರಿಯಾಗಿಯೇ ಇದ್ದರೆ ಅಷ್ಟು ದೂರದಲ್ಲಿ ಕ್ರ್ಯಾಂಕ್ ಹಾಳಾಗಿರುತ್ತದೆ. ಸಮತಟ್ಟಾದ ಜಾಗದಲ್ಲಿ ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಬೇಕು, ಗಾಡಿಯಡಿ ಬಗ್ಗಿ ಎಲ್ಲಾದರೂ ಸೋರಿದೆಯೇ ಎಂದು ನೋಡಬೇಕು.

ಆಯಿಲು ಸರಿಯಾಗಿದ್ದರೆ ಮುಳ್ಳಿನ ನಡವಳಿಕೆಯನ್ನು ನೆನಪಿಸಿಕೊಳ್ಳಿ. ಹೊಂಡಕ್ಕೆ ಬಿದ್ದಾಗಲೆಲ್ಲ ಕುಣಿದು ಮತ್ತೆ ಸರಿಹೋಗುತ್ತಿದ್ದರೆ ಸಂಶಯ ವೈರಿನ ಮೇಲೆ, ಏಕೆಂದರೆ ನಿಜವಾದ ಒತ್ತಡ ಹಾಗೆ ನೆಗೆದಾಡುವುದಿಲ್ಲ. ಏರಿನಲ್ಲಿ ಅಥವಾ ತಿರುವಿನಲ್ಲಿ ಮಾತ್ರ ಬಿದ್ದು ಸಮತಟ್ಟಿನಲ್ಲಿ ಏಳುತ್ತಿದ್ದರೆ ಚೇಂಬರಿನಲ್ಲಿ ಆಯಿಲು ಕಡಿಮೆಯಿದ್ದು, ಅದು ಒಂದು ಬದಿಗೆ ವಾಲಿದಾಗ ಪಂಪು ಗಾಳಿ ಎಳೆಯುತ್ತಿದೆ. ಬಿಸಿಯೇರಿದಂತೆ ನಿಧಾನವಾಗಿ ಇಳಿದು, ಐಡಲಿನಲ್ಲಿ ತಳ ಹಿಡಿದು, ರೇಸ್ ಕೊಟ್ಟಾಗ ಏಳುತ್ತಿದ್ದರೆ ಅದು ಇಂಜಿನ್ನಿನ ಮಾತು. ಆಯಿಲು ತೆಳುವಾಗಿದೆ ಅಥವಾ ಬೇರಿಂಗು, ಪಂಪು ಸವೆದಿವೆ. ಇಂಜಿನ್ ನಿಲ್ಲಿಸಿದರೂ ಮುಳ್ಳು ಅರ್ಧದಲ್ಲೇ ನಿಂತಿದ್ದರೆ, ಅಥವಾ ಕೀಲಿ ಹಾಕಿದ ಕೂಡಲೇ ಇಂಜಿನ್ ಎದ್ದೇಳುವ ಮೊದಲೇ ತುದಿಗೆ ಹೋದರೆ, ಅದು ಮೀಟರ್, ವೈರು, ಸೆಂಡರ್ ಈ ಮೂರರಲ್ಲೊಂದರ ತಪ್ಪು.

ನಮ್ಮ ಕಡೆ ವೈರಿನ ಮೇಲೆ ಸಂಶಯ ತುಸು ಹೆಚ್ಚೇ ಇಟ್ಟುಕೊಳ್ಳಬೇಕು. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ, ಉಪ್ಪಳ, ಕುಂಬಳೆಯ ಕಡೆ ಕಡಲಿನ ಉಪ್ಪುಗಾಳಿ, ಉಳಿದ ದಿನಗಳಲ್ಲಿ ಕೋರೆಯ ಕೆಂಪು ಧೂಳು. ತಾಮ್ರದ ಟರ್ಮಿನಲ್ಲಿಗೆ ಹಸಿರು ಕಿಲುಬು ಹಿಡಿಯಲು ಇಷ್ಟು ಸಾಕು. ಸೆಂಡರಿನ ತಲೆಯ ನಟ್ಟು ಬಿಚ್ಚಿ, ವೈರಿನ ತುದಿಯನ್ನು ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಬಿಗಿದಾಗ ಮುಳ್ಳು ಎದ್ದು ನಿಂತರೆ ಹೊಸ ಮೀಟರಿನ ಖರ್ಚು ಉಳಿಯಿತು.

ಕೊಳ್ಳುವ ಮೊದಲು ಅಳೆಯುವುದು

ಇಂಜಿನ್ನಿನ ಒತ್ತಡ ನಿಜವಾಗಿ ಎಷ್ಟಿದೆ ಎಂದು ತಿಳಿಯಲು ಒಂದೇ ದಾರಿ. ಸೆಂಡರನ್ನು ಕಳಚಿ, ಅದೇ ತೂತಿಗೆ ಪರೀಕ್ಷೆಗೆಂದೇ ಇಟ್ಟಿರುವ ಮೆಕ್ಯಾನಿಕಲ್ ಮೀಟರನ್ನು ಹೋಸಿನ ಮೂಲಕ ಜೋಡಿಸಿ, ಇಂಜಿನ್ ಬಿಸಿಯಾಗುವವರೆಗೆ ಓಡಿಸಿ, ಐಡಲಿನಲ್ಲಿ ಒಮ್ಮೆ, ರೇಸಿನಲ್ಲಿ ಒಮ್ಮೆ ಅಂಕಿ ಬರೆದುಕೊಳ್ಳುವುದು. ದೊಡ್ಡ ಗ್ಯಾರೇಜುಗಳಲ್ಲಿ ಈ ಮೀಟರ್ ಇರುತ್ತದೆ. ಇಂಜಿನ್ ಬಿಚ್ಚಬೇಕು ಎನ್ನುವವರು ಮೊದಲು ಇದನ್ನು ಮಾಡಿ ತೋರಿಸಲಿ ಎಂದು ಮಾಲಕರು ಕೇಳಬಹುದು, ಕೇಳಲೇಬೇಕು.

ಅಂಕಿ ಸರಿಯಾಗಿದ್ದರೆ ತಪ್ಪು ಸೆಂಡರಿನಲ್ಲೋ ಡ್ಯಾಶ್‌ಬೋರ್ಡಿನಲ್ಲೋ ಎಂದು ಬೇರ್ಪಡಿಸಬೇಕು. ಕೀಲಿ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ, ಸೆಂಡರಿನ ವೈರನ್ನು ತೆಗೆದು ಗಾಳಿಯಲ್ಲಿ ಹಿಡಿದರೆ ಮುಳ್ಳು ಒಂದು ತುದಿಗೆ ಹೋಗಬೇಕು. ಅದೇ ವೈರನ್ನು ಒಂದು ಕ್ಷಣ ಮಾತ್ರ ಬ್ಲಾಕಿಗೆ ಮುಟ್ಟಿಸಿದರೆ ಇನ್ನೊಂದು ತುದಿಗೆ ಹೋಗಬೇಕು. ಎರಡೂ ಆದರೆ ಮೀಟರ್, ವೈರು ಸರಿಯಾಗಿವೆ, ಸೆಂಡರ್ ಕೆಟ್ಟಿದೆ. ಮುಳ್ಳು ಅಲುಗದಿದ್ದರೆ ಫ್ಯೂಸು, ಮೀಟರಿಗೆ ಬರುವ ಕರೆಂಟು, ಮೀಟರಿನ ಅರ್ತು ನೋಡಿ, ಅವೂ ಸರಿಯಿದ್ದರೆ ಮಾತ್ರ ಮೀಟರನ್ನು ದೂರಬೇಕು. ಮುಟ್ಟಿಸಿ ಹಿಡಿದುಕೊಂಡೇ ಇರಬಾರದು, ಕೆಲವು ಹಳೆಯ ಮೀಟರುಗಳ ಸುರುಳಿ ಸುಟ್ಟುಹೋಗುತ್ತದೆ.

ಅಂಗಡಿಯಲ್ಲಿ ಏನು ಕೇಳಬೇಕು?

"ಲಾರಿಯ ಆಯಿಲ್ ಮೀಟರ್ ಕೊಡಿ" ಎಂದರೆ ಕಾಸರಗೋಡಿನಲ್ಲೂ ಕೊಡುತ್ತಾರೆ, ತಲಪಾಡಿ ದಾಟಿ ಮಂಗಳೂರಿಗೆ ಹೋದರೂ ಕೊಡುತ್ತಾರೆ. ಅದು ನಿಮ್ಮ ಸೆಂಡರಿಗೆ ಹೊಂದುತ್ತದೆಯೇ ಎಂಬುದು ಬೇರೆ ಮಾತು. ಯುರೋಪಿನ ವಿಡಿಒ ಎಂಬ ಕಂಪನಿಯ ಬಗೆಯ ಸೆಂಡರಿನಲ್ಲಿ ಒತ್ತಡವಿಲ್ಲದಾಗ 10 ಓಮ್, ಪೂರ್ತಿ ಒತ್ತಡದಲ್ಲಿ ಸುಮಾರು 180 ಓಮ್. ಅಮೆರಿಕದ ಬಗೆಯಲ್ಲಿ ತಿರುಗುಮುರುಗು: ಸೊನ್ನೆಗೆ 240, ಪೂರ್ತಿಗೆ 33. ಒಂದರ ಮೀಟರಿಗೆ ಇನ್ನೊಂದರ ಸೆಂಡರ್ ಹಾಕಿದರೆ ನಿಂತ ಇಂಜಿನ್ನಿಗೆ ಪೂರ್ತಿ ಒತ್ತಡ, ಓಡುವ ಇಂಜಿನ್ನಿಗೆ ಕಡಿಮೆ ಒತ್ತಡ ತೋರಿಸುತ್ತದೆ. ಎರಡೂ ಹೊಸದು, ಎರಡೂ ಕೆಟ್ಟಿಲ್ಲ, ಆದರೂ ಅಂಕಿ ಸುಳ್ಳು. ಓಮ್ ಹೊಂದಿದರೂ ಒಂದು 5 ಬಾರಿನದು, ಇನ್ನೊಂದು 10 ಬಾರಿನದು ಆಗಿದ್ದರೆ ಅಂಕಿ ದುಪ್ಪಟ್ಟು ಅಥವಾ ಅರ್ಧ ಕಾಣುತ್ತದೆ. ಗೊತ್ತಿಲ್ಲದ ಹಳೆಯ ಗಾಡಿಗೆ ಮೀಟರ್ ಮತ್ತು ಸೆಂಡರನ್ನು ಒಂದೇ ಕಂಪನಿಯ ಜೋಡಿಯಾಗಿ ಕೊಳ್ಳುವುದು ಕ್ಷೇಮ.

ಮತ್ತೊಂದು ವೋಲ್ಟು. ಲಾರಿಯಲ್ಲಿ ಎರಡು ಬ್ಯಾಟರಿ ಕಂಡರೆ 24 ವೋಲ್ಟೇ ಎಂದು ತೀರ್ಮಾನಿಸುವಂತಿಲ್ಲ. ಸಮಾನಾಂತರವಾಗಿ ಜೋಡಿಸಿದ್ದರೆ 12 ವೋಲ್ಟೇ ಇರುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿಕೊಂಡೇ ಹೋಗಿ. ಹಳೆಯ ಸೆಂಡರನ್ನೂ ಕೈಯಲ್ಲಿ ಒಯ್ಯಿರಿ, ಏಕೆಂದರೆ ಅದರ ಮರೆಯ (ತಿರುಪಿನ ಸುತ್ತುಗಳ, ಅಂದರೆ ಥ್ರೆಡ್ಡಿನ) ಅಳತೆ ಬೇರೆ ಬೇರೆ ಇರುತ್ತದೆ ಮತ್ತು ಹೊಂದದ ಮರೆಯನ್ನು ಬಲದಿಂದ ತಿರುಪಿದರೆ ಹಾಳಾಗುವುದು ಇಂಜಿನ್ನಿನ ಬ್ಲಾಕು. ಡ್ಯಾಶ್‌ಬೋರ್ಡಿನ ತೂತಿನ ಅಗಲವನ್ನೂ ಅಳೆಯಬೇಕು. 52 ಮಿಲಿಮೀಟರ್ ಮತ್ತು 60 ಮಿಲಿಮೀಟರ್ ಎರಡೂ ಬಳಕೆಯಲ್ಲಿವೆ.

ಬದಲಿಸುವ ಕೆಲಸ

ಇಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ಕೇಬಲನ್ನು ಮೊದಲು ತೆಗೆಯಬೇಕು. ಮೀಟರಿನ ಬೆನ್ನಿನ ವೈರುಗಳನ್ನು ಕಳಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟರೆ ಆಮೇಲಿನ ಜಗಳ ತಪ್ಪುತ್ತದೆ. ಹಳೆಯ ಗಾಡಿಯಲ್ಲಿ ವೈರಿನ ಬಣ್ಣವನ್ನು ನಂಬುವಂತಿಲ್ಲ. ಸಾಮಾನ್ಯವಾಗಿ ಕೀಲಿಯಿಂದ ಬರುವ ಪಾಸಿಟಿವ್ ಒಂದು, ಅರ್ತು ಒಂದು, ಸೆಂಡರಿನ ವೈರು ಒಂದು, ರಾತ್ರಿ ಬೆಳಗುವ ಬಲ್ಬಿನದು ಒಂದು. ಹಿಂದಿನ ಕ್ಲಾಂಪ್ ಬಿಚ್ಚಿದರೆ ಮೀಟರ್ ಮುಂದಕ್ಕೆ ಬರುತ್ತದೆ. ಹೊಸದನ್ನು ಕೂರಿಸುವಾಗ ಟರ್ಮಿನಲ್ ನಟ್ಟುಗಳನ್ನು ಕೈಯಲ್ಲಿ ಬಿಗಿದು, ಸ್ಪ್ಯಾನರಿನಿಂದ ಸ್ವಲ್ಪ ಮಾತ್ರ ತಿರುಗಿಸಬೇಕು. ಹೆಚ್ಚು ತಿರುಗಿಸಿದರೆ ಬೋಲ್ಟೇ ಒಳಗೆ ತಿರುಗಿ ಸುರುಳಿಯ ಎಳೆ ತುಂಡಾಗುತ್ತದೆ.

ಸೆಂಡರ್ ತೆಗೆಯುವಾಗ ಸ್ಪ್ಯಾನರನ್ನು ಬುಡದ ಆರು ಮೂಲೆಗೆ ಹಾಕಬೇಕು, ಡಬ್ಬಿಯನ್ನು ಹಿಡಿದು ತಿರುಗಿಸಬಾರದು. ನಡುವೆ ಹಿತ್ತಾಳೆಯ ಅಡಾಪ್ಟರ್ ಇದ್ದರೆ ಅದನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿದುಕೊಳ್ಳಬೇಕು. ಅದು ಬ್ಲಾಕಿನಲ್ಲೇ ಮುರಿದು ಉಳಿದರೆ ಅರ್ಧ ಗಂಟೆಯ ಕೆಲಸ ಎರಡು ದಿನಕ್ಕೆ ಹೋಗುತ್ತದೆ.

ಹೊಸ ಸೆಂಡರಿಗೆ ಟೆಫ್ಲಾನ್ ಟೇಪ್ ಸುತ್ತುವ ಅಭ್ಯಾಸ ಬಹಳ ಕಡೆ ಇದೆ. ನೀರಿನ ನಲ್ಲಿಗೆ ಅದು ಸರಿ. ಆದರೆ ಸೆಂಡರಿನ ಅರ್ತು ಹೋಗುವುದೇ ಆ ಮರೆಗಳ ಮೂಲಕ, ದಪ್ಪವಾಗಿ ಟೇಪ್ ಸುತ್ತಿದರೆ ಆ ದಾರಿ ಕಟ್ಟಿ ಹೊಸ ಮೀಟರೂ ಸುಳ್ಳು ಹೇಳುತ್ತದೆ. ತುದಿಗೆ ಹೋದಂತೆ ಸಣ್ಣದಾಗುವ ಮರೆಯಿದ್ದರೆ ಮೊದಲ ಒಂದೆರಡು ಸುತ್ತು ಬಿಟ್ಟು, ಸೀಲ್ ಮಾಡುವ ಪೇಸ್ಟನ್ನು ತೆಳ್ಳಗೆ ಹಚ್ಚಿದರೆ ಸಾಕು. ನೇರ ಮರೆಯಿದ್ದರೆ ಹೊಸ ತಾಮ್ರದ ವಾಷರ್ ಹಾಕಬೇಕು, ಬೇರೇನೂ ಬೇಡ. ಬಿಗಿದ ಮೇಲೆ ಸೆಂಡರಿನ ಮೈಗೂ ಬ್ಯಾಟರಿಯ ನೆಗೆಟಿವ್ ಕೇಬಲಿನ ತುದಿಗೂ ನಡುವೆ ಮಲ್ಟಿಮೀಟರ್ ಹಿಡಿದರೆ ರೋಧ ಸೊನ್ನೆಯ ಹತ್ತಿರ ಇರಬೇಕು. ಹೋಸ್ ಹಾಕಿ ಸೆಂಡರನ್ನು ದೂರದಲ್ಲಿ ಕೂರಿಸಿದ್ದರೆ ಅದರ ಮೈಗೆ ಪ್ರತ್ಯೇಕ ಅರ್ತು ವೈರು ಕೊಡಲೇಬೇಕು.

ಮೆಕ್ಯಾನಿಕಲ್ ಮೀಟರಾದರೆ ಗಮನವೆಲ್ಲ ಪೈಪಿನ ಮೇಲೆ. ಸೈಲೆನ್ಸರ್ ಮ್ಯಾನಿಫೋಲ್ಡಿನಿಂದ ದೂರ, ಕ್ಯಾಬಿನ್ನಿನ ತಗಡು ದಾಟುವಲ್ಲಿ ರಬ್ಬರ್ ಬುಷ್, ಇಂಜಿನ್ ಬದಿಯಲ್ಲಿ ಒಂದು ಸುತ್ತು ಸಡಿಲ. ಇಂಜಿನ್ ಅಲುಗಿದಾಗ ಪೈಪು ಎಳೆದುಕೊಂಡು ಬಿರುಕು ಬಿಡಬಾರದು.

ಸ್ಟಾರ್ಟ್ ಮಾಡಿದ ಕೆಲವೇ ಸೆಕೆಂಡುಗಳಲ್ಲಿ ಮುಳ್ಳು ಏಳಬೇಕು. ಟಾರ್ಚ್ ಹಿಡಿದು ಸೆಂಡರಿನ ಬುಡದಲ್ಲಿ ಸೋರಿಕೆ ನೋಡಿ, ಇಂಜಿನ್ ಬಿಸಿಯಾದ ಮೇಲೆ ಹೊಸ ಮೀಟರಿನ ಅಂಕಿಯನ್ನು ಪರೀಕ್ಷೆಯ ದಿನ ಬರೆದಿಟ್ಟ ಅಂಕಿಯೊಂದಿಗೆ ಹೋಲಿಸಿ.

ಪರೀಕ್ಷೆಯಲ್ಲೇ ಒತ್ತಡ ಕಡಿಮೆ ಬಂದಿದ್ದರೆ?

ಆಗಲೂ ಬೇರಿಂಗು ಪಟ್ಟಿಯ ಕೊನೆಯಲ್ಲಿರಬೇಕು. ಡಿಪ್‌ಸ್ಟಿಕ್ಕಿನ ಆಯಿಲಿಗೆ ಡೀಸೆಲ್ ವಾಸನೆಯಿದ್ದು ಮಟ್ಟ ಹೆಚ್ಚಿದ್ದರೆ ಡೀಸೆಲ್ ಬೆರೆತು ಆಯಿಲು ತೆಳುವಾಗಿದೆ. ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಸರಿಯಾದ ಗ್ರೇಡಿನ ಆಯಿಲು, ಹೊಸ ಫಿಲ್ಟರ್ ಹಾಕಿ ಮತ್ತೊಮ್ಮೆ ಅಳೆಯಬೇಕು. ಆಮೇಲೆ ರಿಲೀಫ್ ವಾಲ್ವ್ ಕಸ ಸಿಕ್ಕಿ ತೆರೆದೇ ನಿಂತಿದೆಯೇ, ಚೇಂಬರಿನಲ್ಲಿರುವ ಪಂಪಿನ ಜಾಲರಿ ಕಟ್ಟಿಕೊಂಡಿದೆಯೇ, ಪಂಪಿನ ಹಲ್ಲುಚಕ್ರ ಸವೆದಿದೆಯೇ ಎಂದು ನೋಡಬೇಕು. ಇವೆಲ್ಲ ಸರಿಯಿದ್ದು, ಲೋಡಿನಲ್ಲಿ ಇಂಜಿನ್ನಿನ ಅಡಿಯಿಂದ ಮಂದವಾದ ಬಡಿತವೂ ಕೇಳುತ್ತಿದ್ದರೆ ಕ್ರ್ಯಾಂಕ್ ಬಿಚ್ಚುವುದನ್ನು ಮುಂದೂಡುವಂತಿಲ್ಲ.

ಹಳೆಯ ಲಾರಿ ಕೊಳ್ಳಲು ಹೊರಟವರಿಗೆ ಒಂದು ಮಾತು. ಮಾರುವ ಮುಂಚೆ ಅಗತ್ಯಕ್ಕಿಂತ ದಪ್ಪನೆಯ ಆಯಿಲು ತುಂಬಿ ಮುಳ್ಳನ್ನು ಎತ್ತಿ ನಿಲ್ಲಿಸುವುದು ಸುಲಭ. ಹಾಗಾಗಿ ಅಂಗಳದಲ್ಲಿ ಸ್ಟಾರ್ಟ್ ಮಾಡಿ ತೋರಿಸಿದರೆ ಒಪ್ಪಬೇಡಿ. ಲೋಡ್ ಹಾಕಿಸಿ ಚೆರ್ಕಳದ ಕಡೆಯ ಏರು ಹತ್ತಿಸಿ ನಿಲ್ಲಿಸಿ, ಐಡಲಿಗೆ ಬಿಟ್ಟು ಮುಳ್ಳು ನೋಡಿ. ಆಯಿಲು ಯಾವ ಗ್ರೇಡು, ಯಾವಾಗ ಬದಲಿಸಿದ್ದು ಎಂದು ಕೇಳಿ. ಅಂಕಿಯ ಮೇಲೆ ಸಂಶಯ ಬಂದರೆ ಮುಂಗಡ ಕೊಡುವ ಮೊದಲೇ ಪರೀಕ್ಷೆಯ ಮೀಟರ್ ಹಾಕಿಸಿ ನೋಡಿ.